ಗಣಿತಸೂತ್ರಗಳ ನಕಲು ಮತ್ತು ಪುನರುಪಯೋಗ: ಗಣಕದ ಬರೆಹಗಳಲ್ಲಿ ಸೂತ್ರವನ್ನು ಇರಿಸತಕ್ಕ ಕ್ರಮ

ಗಣಿತದ ಸೂತ್ರವು ಓದಿ ಬಿಡತಕ್ಕ ವಸ್ತುವಲ್ಲ. ಎತ್ತಿಕೊಂಡು ಬಳಸತಕ್ಕ ವಸ್ತು. ಕವಿತೆಯನ್ನು ಓದಿದವನು ಅದರ ರಸವನ್ನು ಮನಸ್ಸಿನಲ್ಲಿ ಉಳಿಸಿಕೊಂಡರೆ ಸಾಕು. ಸೂತ್ರವನ್ನು ಓದಿದವನಾದರೋ ಅದನ್ನು ತನ್ನ ಲೆಕ್ಕದಲ್ಲಿ ಹೂಡಬೇಕು, ಬೆಲೆಗಳನ್ನು ತುಂಬಬೇಕು, ಉತ್ತರವನ್ನು ಪಡೆಯಬೇಕು, ಬೇಕೆನಿಸಿದಲ್ಲಿ ಅದನ್ನೇ ಮಾರ್ಪಡಿಸಿ ಹೊಸದೊಂದು ಸೂತ್ರವನ್ನು ಕಟ್ಟಬೇಕು. ಆದುದರಿಂದ ಸೂತ್ರವು ಒಂದು ಬರೆಹದಿಂದ ಇನ್ನೊಂದು ಬರೆಹಕ್ಕೆ ವಿಕಾರ ಹೊಂದದೆ ಸಾಗುವುದು ಗಣಿತದ ಬೋಧನೆಗೂ ಸಂಶೋಧನೆಗೂ ಮೂಲಭೂತವಾದ ಅಗತ್ಯ.

ಇಂದು ನಮ್ಮ ಪಾಠಟಿಪ್ಪಣಿಗಳು, ಪ್ರಶ್ನಪತ್ರಿಕೆಗಳು, ಪ್ರಬಂಧಗಳು ಬಹುಮಟ್ಟಿಗೆ ಗಣಕದಲ್ಲಿಯೇ ಸಿದ್ಧವಾಗುತ್ತವೆ. ಬಳ್ಳಾರಿಯಲ್ಲಿ ಬರೆದ ಟಿಪ್ಪಣಿಯು ಕ್ಷಣಮಾತ್ರದಲ್ಲಿ ಸಿರುಗುಪ್ಪದ ವಿದ್ಯಾರ್ಥಿಯ ಮೊಬೈಲಿಗೂ ಕುರುಗೋಡಿನ ಅಧ್ಯಾಪಕರ ಗಣಕಕ್ಕೂ ತಲಪಬಲ್ಲದು. ಹಾಗೆ ತಲಪಿದ ಬರೆಹದಿಂದ ಗದ್ಯಭಾಗವನ್ನು ನಕಲು ಮಾಡಿ ಬೇರೆಡೆಗೆ ಅಂಟಿಸಿದರೆ ಅದು ಸಾಮಾನ್ಯವಾಗಿ ಇದ್ದಂತೆಯೇ ಬರುತ್ತದೆ. ಸೂತ್ರವನ್ನು ನಕಲು ಮಾಡಿದರೆ ಕೆಲವೊಮ್ಮೆ ಏನೂ ಬರುವುದಿಲ್ಲ. ಕೆಲವೊಮ್ಮೆ ಚೂರುಗಳು ಮಾತ್ರ ಬರುತ್ತವೆ. ಮತ್ತೆ ಕೆಲವೊಮ್ಮೆ ನೋಡಲು ಸರಿಯೆಂಬಂತೆಯೇ ಕಾಣುವ ಬೇರೊಂದು ಸೂತ್ರವು ಬಂದು ಕುಳಿತಿರುತ್ತದೆ. ಈ ಮೂರರಲ್ಲಿ ಮೂರನೆಯದೇ ಹೆಚ್ಚು ಅಪಾಯಕರ. ಈ ತೊಡಕಿಗೆ ಕಾರಣವೇನು, ಅದರ ನಿವಾರಣೆಗೆ ಇಂದು ದೊರೆಯುವ ಸಾಧನಗಳಾವುವು, ನಮ್ಮ ಕಾಲೇಜುಗಳಲ್ಲಿ ಅನುಸರಿಸಬಹುದಾದ ಕ್ರಮವೆಂಥದು ಎಂಬುದನ್ನು ವಿವೇಚಿಸುವುದೇ ಈ ಲೇಖನದ ಉದ್ದೇಶ.

1. ಕಾಲುವೆಯ ನೀರಿನ ಒಂದು ಲೆಕ್ಕ

ವಿಷಯವನ್ನು ಉದಾಹರಣೆಯಿಂದಲೇ ಆರಂಭಿಸುವುದು ಲೇಸು. ತುಂಗಭದ್ರಾ ಅಣೆಕಟ್ಟು 1953ರಲ್ಲಿ ಸಿದ್ಧವಾದಂದಿನಿಂದ ಬಳ್ಳಾರಿ, ಸಿರುಗುಪ್ಪ, ಕುರುಗೋಡು ಸೀಮೆಯವರಿಗೆ ಕಾಲುವೆಯ ನೀರು ನಿತ್ಯಜೀವನದ ಮಾತು. ಕಾಲುವೆಯಲ್ಲಿ ನೀರು ಎಷ್ಟು ವೇಗದಿಂದ ಹರಿಯುತ್ತದೆ ಎಂಬುದನ್ನು ಲೆಕ್ಕ ಹಾಕಲು ಇಂಜಿನಿಯರುಗಳು ಸಾಮಾನ್ಯವಾಗಿ ಬಳಸುವುದು ಐರ್ಲೆಂಡಿನ ಇಂಜಿನಿಯರಾದ ರಾಬರ್ಟ್ ಮ್ಯಾನಿಂಗನು 1889ರಲ್ಲಿ ಮಂಡಿಸಿದ ಅಧ್ಯಯನದಿಂದ ಅವನ ಹೆಸರನ್ನು ಪಡೆದ ಸೂತ್ರ. ನೀರಿನ ವೇಗಕ್ಕೆ ‘ವ’, ಕಾಲುವೆಯ ಮೈಯ ಒರಟುತನವನ್ನು ಸೂಚಿಸುವ ಘರ್ಷಣಾಂಕಕ್ಕೆ ‘ಘ’, ಜಲತ್ರಿಜ್ಯಕ್ಕೆ ‘ಜ’, ಇಳಿಜಾರಿಗೆ ‘ಇ’ ಎಂಬ ಸಂಕೇತಗಳನ್ನು ಇಟ್ಟುಕೊಳ್ಳೋಣ. ನೀರಿನ ಅಡ್ಡಕೊಯ್ತದ ಕ್ಷೇತ್ರಫಲವನ್ನು, ನೀರು ತಾಗುವ ತಳ ಮತ್ತು ಪಕ್ಕಗಳ ಒಟ್ಟು ಉದ್ದದಿಂದ ಭಾಗಿಸಿದರೆ ಬರುವುದೇ ಜಲತ್ರಿಜ್ಯ. ಘಾತವನ್ನು ^ ಎಂಬ ಚಿಹ್ನೆಯಿಂದ ತೋರಿಸಿದರೆ, ಮೀಟರು ಮತ್ತು ಸೆಕೆಂಡುಗಳ ಮಾನದಲ್ಲಿ ಸೂತ್ರವು ಹೀಗಿದೆ:

ವ = (1/ಘ) × ಜ^(2/3) × ಇ^(1/2)

ಎಂದರೆ ಜಲತ್ರಿಜ್ಯದ ಮೂರನೆಯ ಎರಡು ಘಾತವನ್ನೂ ಇಳಿಜಾರಿನ ವರ್ಗಮೂಲವನ್ನೂ ಗುಣಿಸಿ ಘರ್ಷಣಾಂಕದಿಂದ ಭಾಗಿಸಬೇಕು. ಅಚ್ಚಿನ ಪುಸ್ತಕದಲ್ಲಿ ಈ ಘಾತಗಳು ಸಣ್ಣ ಅಕ್ಷರಗಳಲ್ಲಿ ಮೇಲೇರಿ ನಿಂತಿರುತ್ತವೆ. 1 ಮತ್ತು ಘ ಒಂದರ ಕೆಳಗೊಂದು ಇದ್ದು ನಡುವೆ ಗೆರೆಯಿರುತ್ತದೆ. ಇದನ್ನು ಪಿಡಿಎಫ್ ಕಡತದಿಂದ ನಕಲು ಮಾಡಿ ಸಾದಾ ಬರೆಹದಲ್ಲಿ ಅಂಟಿಸಿದಾಗ ಅನೇಕ ವೇಳೆ ಬರುವುದು ‘ವ = 1 ಘ ಜ2/3 ಇ1/2’ ಎಂಬ ಸಾಲು. ಗೆರೆ ಮಾಯವಾಗಿದೆ; ಘಾತಗಳು ಕೆಳಗಿಳಿದಿವೆ. ವಿದ್ಯಾರ್ಥಿಯು ಇದನ್ನು ತನಗೆ ತೋರಿದಂತೆ ತಿದ್ದಿಕೊಂಡು ಲೆಕ್ಕದ ಹಾಳೆಯಲ್ಲಿ ತುಂಬುತ್ತಾನೆ.

ಮಾದರಿಗಾಗಿ ಘ = 0.025, ಜ = 2 ಮೀಟರು, ಇ = 0.0001, ಎಂದರೆ 10,000 ಮೀಟರಿಗೆ 1 ಮೀಟರಿನ ಇಳಿಜಾರು ಎಂದು ಭಾವಿಸೋಣ. ಇವು ವಿವರಣೆಗಾಗಿ ಆರಿಸಿದ ಬೆಲೆಗಳೇ ಹೊರತು ಯಾವುದೇ ನಿರ್ದಿಷ್ಟ ಕಾಲುವೆಯ ಅಳತೆಗಳಲ್ಲ. ಸರಿಯಾದ ಸೂತ್ರದಿಂದ ವೇಗವು ಸೆಕೆಂಡಿಗೆ ಸುಮಾರು 0.635 ಮೀಟರು. ಈಗ ವಿದ್ಯಾರ್ಥಿಯು ಎರಡು ಘಾತಗಳಿಗೂ ಆವರಣ ಹಾಕಲು ಮರೆತು ಜ^2/3, ಇ^1/2 ಎಂದು ಬರೆದನೆನ್ನೋಣ. ಗಣಕವು ಘಾತಕ್ರಿಯೆಯನ್ನು ಭಾಗಾಕಾರಕ್ಕಿಂತ ಮೊದಲು ಮಾಡುವುದರಿಂದ ಅದು ಜಲತ್ರಿಜ್ಯದ ವರ್ಗವನ್ನು 3ರಿಂದಲೂ ಇಳಿಜಾರನ್ನು 2ರಿಂದಲೂ ಭಾಗಿಸುತ್ತದೆ. ಉತ್ತರವು 0.00267, ನಿಜವಾದ ವೇಗಕ್ಕಿಂತ ಸುಮಾರು 238 ಪಾಲು ಕಡಮೆ. ಈ ಉತ್ತರವನ್ನು ಕಂಡವನು ಒಡನೆ ಸಂಶಯಪಡುತ್ತಾನೆ, ತಪ್ಪು ಹೊರಬೀಳುತ್ತದೆ.

ಆದರೆ ವರ್ಗಮೂಲವನ್ನು ಸರಿಯಾಗಿ ಬರೆದು, ಜಲತ್ರಿಜ್ಯದ ಘಾತಕ್ಕೆ ಮಾತ್ರ ಆವರಣವನ್ನು ಬಿಟ್ಟನೆನ್ನೋಣ. ಆಗ ಉತ್ತರ 0.533. ಇದರಲ್ಲಿ ಸಂಶಯಕ್ಕೆ ಆಸ್ಪದವೇ ಇಲ್ಲ. ಮಣ್ಣಿನ ಕಾಲುವೆಯಲ್ಲಿ ನೀರು ಆ ವೇಗದಿಂದ ಹರಿಯಬಹುದಾದುದೇ. ಆದರೂ ಉತ್ತರವು ಶೇಕಡಾ 16ರಷ್ಟು ಕಡಮೆ. ಅಡ್ಡಕೊಯ್ತದ ಕ್ಷೇತ್ರಫಲ 40 ಚದರ ಮೀಟರಾದರೆ ಹರಿವು ಸೆಕೆಂಡಿಗೆ 25.4 ಘನ ಮೀಟರಿರಬೇಕಾದಲ್ಲಿ 21.3 ಎಂದು ಬರುತ್ತದೆ. ವ್ಯತ್ಯಾಸವನ್ನು ರೈತರಿಗೆ ಪರಿಚಿತವಾದ ಕ್ಯೂಸೆಕ್ ಮಾನದಲ್ಲಿ ಹೇಳುವುದಾದರೆ ಸುಮಾರು 144 ಕ್ಯೂಸೆಕ್. ಒಂದು ಜೊತೆ ಆವರಣದ ಲೋಪದಿಂದ ಇಷ್ಟು ನೀರು ಕಾಗದದ ಮೇಲೆ ಇಲ್ಲವಾಗುತ್ತದೆ. ದೊಡ್ಡ ತಪ್ಪು ತನ್ನನ್ನು ತಾನೇ ತೋರಿಸಿಕೊಳ್ಳುತ್ತದೆ. ಸಣ್ಣ ತಪ್ಪು ಮರೆಯಲ್ಲಿ ಉಳಿದು ಮುಂದಿನ ಲೆಕ್ಕಗಳಿಗೆಲ್ಲ ಹರಡುತ್ತದೆ. ಸೂತ್ರದ ನಕಲಿನ ಪ್ರಶ್ನೆಯು ಬರಿಯ ಅನುಕೂಲದ ಪ್ರಶ್ನೆಯಲ್ಲ, ಸತ್ಯದ ಪ್ರಶ್ನೆಯೂ ಹೌದೆಂಬುದು ಇದರಿಂದ ವಿದಿತವಾಗುತ್ತದೆ.

2. ಆಕಾರ ಮತ್ತು ರಚನೆ

ಗದ್ಯಕ್ಕೆ ಇಲ್ಲದ ಈ ತೊಡಕು ಸೂತ್ರಕ್ಕೆ ಮಾತ್ರ ಏಕೆ? ಗದ್ಯವು ಒಂದೇ ಸಾಲಿನ ನಡಿಗೆ. ಅಕ್ಷರದ ಮುಂದೆ ಅಕ್ಷರ, ಪದದ ಮುಂದೆ ಪದ. ಇಂದಿನ ಸೂತ್ರವಾದರೋ ಎರಡು ದಿಕ್ಕುಗಳಲ್ಲಿ ಹಬ್ಬಿದ ಬರೆಹ. ಅದರಲ್ಲಿ ಮೇಲೆ, ಕೆಳಗೆ, ಒಳಗೆ ಎಂಬ ಸ್ಥಾನಗಳಿಗೂ ಅರ್ಥವಿದೆ. ಅಂಕಿಯೊಂದು ಅಕ್ಷರದ ಪಕ್ಕದಲ್ಲಿದ್ದರೆ ಒಂದು ಅರ್ಥ, ತಲೆಯ ಮೇಲಿದ್ದರೆ ಇನ್ನೊಂದು, ಕಾಲ ಬಳಿ ಇದ್ದರೆ ಮತ್ತೊಂದು.

ಗಣಿತವು ಎಂದೂ ಹೀಗೆಯೇ ಇರಲಿಲ್ಲ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ. ಶ. 850ರಲ್ಲಿ, ಮಹಾವೀರಾಚಾರ್ಯನು ರಚಿಸಿದ ‘ಗಣಿತಸಾರಸಂಗ್ರಹ’ದಲ್ಲಿ ಸೂತ್ರಗಳೆಲ್ಲ ಸಂಸ್ಕೃತ ಪದ್ಯಗಳ ರೂಪದಲ್ಲಿವೆ. 12ನೆಯ ಶತಮಾನದ ರಾಜಾದಿತ್ಯನು ‘ವ್ಯವಹಾರಗಣಿತ’ದಲ್ಲಿ ಕನ್ನಡದಲ್ಲಿಯೇ ಗಣಿತವನ್ನು ನಿರೂಪಿಸಿದನು. ಪದ್ಯಸೂತ್ರವು ಒಂದೇ ಸಾಲಿನ ಬರೆಹವಾದುದರಿಂದ ಓಲೆಯಿಂದ ಓಲೆಗೆ, ಬಾಯಿಂದ ಬಾಯಿಗೆ ಸಾಗಬಲ್ಲುದಾಗಿತ್ತು. ನಡುವೆ ಒಂದು ಮಾತು ಬಿಟ್ಟುಹೋದರೆ ಛಂದಸ್ಸು ಕೆಟ್ಟು ಲೋಪವು ತಿಳಿದುಬರುತ್ತಿತ್ತು. ಛಂದಸ್ಸೇ ಅಲ್ಲಿ ನಕಲಿನ ಕಾವಲುಗಾರ. ಮುಂದೆ ಯುರೋಪಿನಲ್ಲಿ ಸಂಕೇತಪದ್ಧತಿಯು ಬೆಳೆಯಿತು. ಸಮಚಿಹ್ನೆಯನ್ನು ರಾಬರ್ಟ್ ರೆಕಾರ್ಡನು 1557ರಲ್ಲಿ ಬಳಕೆಗೆ ತಂದನು. ಘಾತಾಂಕವನ್ನು ಇಂದಿನಂತೆ ಮೇಲೇರಿಸಿ ಬರೆಯುವ ರೂಢಿಯು 1637ರಲ್ಲಿ ಪ್ರಕಟವಾದ ದೆಕಾರ್ತನ ಜ್ಯಾಮಿತಿಯಿಂದ ನೆಲೆಗೊಂಡಿತು. ಕಣ್ಣಿಗೆ ಇದರಿಂದ ಮಹೋಪಕಾರವಾಯಿತು. ಒಂದು ನೋಟದಲ್ಲಿಯೇ ಸೂತ್ರದ ಅರ್ಥ ಹೊಳೆಯುವಂತಾಯಿತು. ಆದರೆ ಒಂದೇ ಸಾಲಿನಲ್ಲಿ ನಡೆಯುವ ನಕಲಿಗೆ ಅದು ಒಗ್ಗದಾಯಿತು.

ಇಲ್ಲಿ ಆಕಾರಕ್ಕೂ ರಚನೆಗೂ ಇರುವ ಭೇದವನ್ನು ಗಮನಿಸಬೇಕು. ನಮ್ಮ ಸಮೀಪದ ಕುರುಗೋಡು ಸಿಂದರಸರ ರಾಜಧಾನಿಯಾಗಿದ್ದ ಸ್ಥಳ, ಶಾಸನಗಳಿಗೆ ಹೆಸರಾದುದು. ಶಾಸನತಜ್ಞರು ಕಲ್ಲಿನ ಮೇಲೆ ಒದ್ದೆ ಕಾಗದವನ್ನೊತ್ತಿ, ಮಸಿ ಸವರಿ ಪಡಿಯಚ್ಚನ್ನು ತೆಗೆಯುತ್ತಾರೆ. ಪಡಿಯಚ್ಚಿನಲ್ಲಿ ಕಲ್ಲಿನ ಪ್ರತಿಯೊಂದು ಗೆರೆಯೂ ಬರುತ್ತದೆ. ಆದರೆ ಅದು ಆಕಾರ ಮಾತ್ರ. ಅದನ್ನು ಓದಿ ಅಕ್ಷರಗಳಲ್ಲಿ ಪಾಠವನ್ನು ಬರೆದ ಮೇಲೆಯೇ ಪದವನ್ನು ಹುಡುಕುವುದು, ಇನ್ನೊಂದು ಶಾಸನದೊಡನೆ ಹೋಲಿಸುವುದು, ಲೇಖನದಲ್ಲಿ ಉದ್ಧರಿಸುವುದು ಸಾಧ್ಯ. 1939ರಲ್ಲಿ ಪ್ರಕಟವಾದ ದಕ್ಷಿಣ ಭಾರತ ಶಾಸನಗಳ ಒಂಬತ್ತನೆಯ ಸಂಪುಟದ ಮೊದಲ ಭಾಗದಲ್ಲಿ, ಅಂದು ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಬಳ್ಳಾರಿ ಮೊದಲಾದ ಜಿಲ್ಲೆಗಳ ಕನ್ನಡ ಶಾಸನಗಳ ಪಾಠಗಳು ಅಚ್ಚಾದುದರಿಂದಲೇ ಅವು ದೂರದ ವಿದ್ವಾಂಸರಿಗೂ ಉಪಯುಕ್ತವಾದುವು. ಪಡಿಯಚ್ಚು ಬೇಡವೆಂದಲ್ಲ, ಪಾಠವಿಲ್ಲದ ಪಡಿಯಚ್ಚು ಬಳಕೆಗೆ ಸಾಲದು. ಗಣಕದ ಪರದೆಯ ಮೇಲೆ ಕಾಣುವ ಸೂತ್ರಕ್ಕೂ ಈ ಮಾತು ಅನ್ವಯಿಸುತ್ತದೆ. ಅದರ ಆಕಾರವನ್ನು ಮಾತ್ರ ಉಳಿಸಿದರೆ ಪಡಿಯಚ್ಚನ್ನು ಕೊಟ್ಟಂತೆ. ಯಾವುದು ಅಂಶ, ಯಾವುದು ಛೇದ, ಯಾವುದು ಘಾತ ಎಂಬ ರಚನೆಯನ್ನೂ ಉಳಿಸಿದರೆ ಪಾಠವನ್ನು ಕೊಟ್ಟಂತೆ.

3. ನಕಲಿನಲ್ಲಿ ಸೂತ್ರ ಒಡೆಯುವ ಬಗೆಗಳು

ರೂಢಿಯಲ್ಲಿರುವ ಬರೆಹಗಳಲ್ಲಿ ಸೂತ್ರವು ಒಡೆಯುವ ಬಗೆಗಳು ಮುಖ್ಯವಾಗಿ ಮೂರು.

ಮೊದಲನೆಯದು, ಸೂತ್ರವನ್ನು ಚಿತ್ರವಾಗಿ ಸೇರಿಸುವುದು. ಕಪ್ಪುಹಲಗೆಯ ಛಾಯಾಚಿತ್ರ, ಪುಸ್ತಕದ ಪುಟದ ಛಾಯಾಚಿತ್ರ, ಪರದೆಯ ಚಿತ್ರ ಇವೆಲ್ಲವೂ ಈ ಬಗೆಯವು. ಗಣಕದ ದೃಷ್ಟಿಗೆ ಇದು ಬಣ್ಣದ ಚುಕ್ಕೆಗಳ ರಾಶಿ. ಇದರಲ್ಲಿ ಹುಡುಕಲಾಗದು, ನಕಲು ಮಾಡಲಾಗದು, ದೊಡ್ಡದಾಗಿಸಿದರೆ ಅಂಚುಗಳು ಮಸುಕಾಗುತ್ತವೆ. ಚಿತ್ರದಿಂದ ಸೂತ್ರವನ್ನು ಗುರುತಿಸಿ ಬರೆದುಕೊಡುವ ಸಾಧನಗಳು ಈಗ ಉಂಟು. ಆದರೆ ಅವು ಕೊಟ್ಟುದನ್ನು ಮೂಲದೊಡನೆ ಅಕ್ಷರಶಃ ತಾಳೆ ನೋಡದೆ ಒಪ್ಪತಕ್ಕದ್ದಲ್ಲ.

ಎರಡನೆಯದು, ಪಿಡಿಎಫ್ ಕಡತ. 1993ರಲ್ಲಿ ಬಳಕೆಗೆ ಬಂದು 2008ರಲ್ಲಿ ಅಂತರರಾಷ್ಟ್ರೀಯ ಮಾನಕವಾದ ಈ ರೂಪದ ಮೂಲ ಉದ್ದೇಶವು ಯಾವ ಯಂತ್ರದಲ್ಲಿ ತೆರೆದರೂ ಪುಟವು ಒಂದೇ ತೆರನಾಗಿ ಕಾಣಬೇಕೆಂಬುದು. ಅದರೊಳಗೆ ಇರುವುದು ‘ಈ ಅಕ್ಷರರೂಪವನ್ನು ಪುಟದ ಈ ಸ್ಥಾನದಲ್ಲಿ ಇಡು’ ಎಂಬಂಥ ಆಜ್ಞೆಗಳ ಸಾಲು. ಭಿನ್ನರಾಶಿಯ ಗೆರೆಯು ಅದರಲ್ಲಿ ಅಕ್ಷರವೇ ಅಲ್ಲ, ಎಳೆದ ಒಂದು ರೇಖೆ. ಘಾತಾಂಕವು ಸ್ವಲ್ಪ ಮೇಲಿಟ್ಟ ಸಣ್ಣ ಅಂಕಿ. ನಕಲು ಮಾಡುವಾಗ ಅಕ್ಷರಗಳು ಮಾತ್ರ ಬರುತ್ತವೆ. ಸ್ಥಾನವೂ ರೇಖೆಯೂ ಹಿಂದೆಯೇ ಉಳಿಯುತ್ತವೆ. ಕನ್ನಡದ ಒತ್ತಕ್ಷರಗಳೂ ಗುಣಿತಾಕ್ಷರಗಳೂ ಪಿಡಿಎಫ್‌ನಿಂದ ನಕಲಾದಾಗ ಹಿಂದುಮುಂದಾಗುವುದಕ್ಕೆ ಕಾರಣವೂ ಇದೇ: ಕಾಣುವ ರೂಪಗಳ ಕ್ರಮ ಬೇರೆ, ಬರೆದ ಅಕ್ಷರಗಳ ಕ್ರಮ ಬೇರೆ.

ಮೂರನೆಯದು, ಒಂದೇ ತೆರನಾಗಿ ಕಾಣುವ ಬೇರೆ ಬೇರೆ ಚಿಹ್ನೆಗಳು. ಕಳೆಯುವ ಚಿಹ್ನೆಯೂ ಪದಗಳನ್ನು ಜೋಡಿಸುವ ಅಡ್ಡಗೆರೆಯೂ ಕಣ್ಣಿಗೆ ಒಂದೇ; ಯೂನಿಕೋಡ್ ಸಂಕೇತದಲ್ಲಿ ಅವು ಬೇರೆ. ಸುಂದರವಾಗಿ ಅಚ್ಚಾದ ಕಳೆಯುವ ಚಿಹ್ನೆಯನ್ನು ನಕಲು ಮಾಡಿ ಪೈಥಾನಿನಂಥ ಗಣಕಭಾಷೆಯ ಕ್ರಮವಿಧಿಯಲ್ಲಿ ಇಟ್ಟರೆ ಅದು ದೋಷವೆಂದು ನಿಲ್ಲುತ್ತದೆ. ಚಿಹ್ನೆ ಸರಿಯಿದ್ದರೂ ಅರ್ಥ ಬೇರೆಯಾಗುವುದೂ ಉಂಟು. ಋಣ 3ರ ಮುಂದೆ 2ರ ಘಾತವನ್ನು ಆವರಣವಿಲ್ಲದೆ ಬರೆದರೆ ಎಕ್ಸೆಲ್ ಹಾಳೆಯು 9 ಎನ್ನುತ್ತದೆ. ಪೈಥಾನ್ ಋಣ 9 ಎನ್ನುತ್ತದೆ. ಆವರಣಗಳ ವಿಷಯದಲ್ಲಿ ಜಿಪುಣತನವು ಸಲ್ಲದು.

4. ಕನ್ನಡ ಬರೆಹದ ವಿಶೇಷ ತೊಡಕು

ಮೇಲಿನ ತೊಡಕುಗಳು ಎಲ್ಲ ಭಾಷೆಗಳಿಗೂ ಸಮಾನ. ಕನ್ನಡದಲ್ಲಿ ಗಣಿತ ಬರೆಯುವವರಿಗೆ ಇನ್ನೊಂದು ತೊಡಕು ಇದೆ. ಯೂನಿಕೋಡ್ ವ್ಯಾಪಕವಾಗುವುದಕ್ಕೆ ಮುನ್ನ ‘ನುಡಿ’, ‘ಬರಹ’ ಮೊದಲಾದ ತಂತ್ರಾಂಶಗಳು ಕನ್ನಡವನ್ನು ಗಣಕಕ್ಕೆ ತಂದು ನಾಡಿಗೆ ಮಹೋಪಕಾರ ಮಾಡಿದುವು. ಆಗಿನ ವ್ಯವಸ್ಥೆಯಲ್ಲಿ ಕನ್ನಡಕ್ಕೆ ತನ್ನದೇ ಆದ ಸ್ಥಾನಗಳಿರಲಿಲ್ಲ. ಆದುದರಿಂದ ರೋಮನ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿಯೇ ಕನ್ನಡ ಅಕ್ಷರಗಳ ತುಂಡುಗಳನ್ನು ಕೂರಿಸಿದರು. ನುಡಿಯ ಹಳೆಯ ಕ್ರಮದಲ್ಲಿ ರೋಮನ್ ದೊಡ್ಡಕ್ಷರ ‘ಪಿ’ ಇರುವ ಸ್ಥಾನದಲ್ಲಿ ಕಕಾರದ ಒಡಲು ಇದೆ. ತಲೆಕಟ್ಟು ಬೇರೊಂದು ಸ್ಥಾನದಲ್ಲಿದೆ. ಎರಡನ್ನೂ ಸೇರಿಸಿದಾಗ ಪರದೆಯ ಮೇಲೆ ‘ಕ’ ಎಂದು ಕಾಣುತ್ತದೆ. ಕಡತದೊಳಗಾದರೋ ಇರುವುದು ರೋಮನ್ ಅಕ್ಷರವೇ.

ಗದ್ಯಕ್ಕಷ್ಟೇ ಆದರೆ ಇದು ಹೇಗೋ ನಡೆಯುತ್ತಿತ್ತು. ಸೂತ್ರವು ನಡುವೆ ಬಂದಾಗ ತೊಡಕು ಇಮ್ಮಡಿಯಾಗುತ್ತದೆ. ಸರಳ ಬಡ್ಡಿಯ ಪಾಠದಲ್ಲಿ ಅಸಲನ್ನು ರೋಮನ್ ‘ಪಿ’ಯಿಂದ ಸೂಚಿಸುವುದು ರೂಢಿ. ಗದ್ಯಕ್ಕೆ ಕನ್ನಡ ಅಕ್ಷರವಿನ್ಯಾಸ, ಸೂತ್ರಕ್ಕೆ ರೋಮನ್ ಅಕ್ಷರವಿನ್ಯಾಸ ಎಂದು ಬದಲಿಸುತ್ತ ಬರೆದ ಪಾಠವು ಮೂಲ ಗಣಕದಲ್ಲಿ ಚೆನ್ನಾಗಿಯೇ ಕಾಣುತ್ತದೆ. ಅದನ್ನು ನಕಲು ಮಾಡಿದಾಗ ಅಕ್ಷರವಿನ್ಯಾಸದ ಮಾಹಿತಿ ಕಳೆದುಹೋಗುತ್ತದೆ. ಗದ್ಯವು ಅರ್ಥವಿಲ್ಲದ ರೋಮನ್ ಅಕ್ಷರಗಳ ಗೊಂದಲವಾಗುತ್ತದೆ. ಅದನ್ನು ಸರಿಪಡಿಸಲೆಂದು ಇಡೀ ಪಾಠಕ್ಕೆ ನುಡಿಯ ವಿನ್ಯಾಸವನ್ನು ಹಚ್ಚಿದರೆ ಗದ್ಯವು ಮರಳಿ ಬರುತ್ತದೆ, ಆದರೆ ಸೂತ್ರದಲ್ಲಿದ್ದ ‘ಪಿ’ಯು ತಲೆಕಟ್ಟಿಲ್ಲದ ಕಕಾರವಾಗಿಬಿಡುತ್ತದೆ. ಹಳೆಯ ಬರೆಹವನ್ನು ಯೂನಿಕೋಡಿಗೆ ಪರಿವರ್ತಿಸುವ ಸಾಧನಗಳಿಗೆ ಇಡೀ ಪಾಠವನ್ನು ಒಟ್ಟಿಗೆ ಒಪ್ಪಿಸಿದಾಗಲೂ ಇದೇ ಗತಿ. ಗದ್ಯ ಉಳಿದು ಗಣಿತ ಅಳಿಯುತ್ತದೆ. ಆದಕಾರಣ ಹಳೆಯ ಪ್ರಶ್ನಕೋಶಗಳನ್ನು ಪರಿವರ್ತಿಸುವವರು ಸೂತ್ರಗಳನ್ನು ಮೊದಲು ಬೇರ್ಪಡಿಸಿ, ಗದ್ಯವನ್ನು ಮಾತ್ರ ಪರಿವರ್ತಿಸಿ, ಬಳಿಕ ಸೂತ್ರಗಳನ್ನು ಸ್ವಸ್ಥಾನದಲ್ಲಿ ಸೇರಿಸತಕ್ಕದ್ದು.

1991ರ ಮೊದಲ ಆವೃತ್ತಿಯಿಂದಲೇ ಯೂನಿಕೋಡಿನಲ್ಲಿ ಕನ್ನಡಕ್ಕೆ ಪ್ರತ್ಯೇಕ ಸ್ಥಾನಗಳಿವೆ. ಅದರಲ್ಲಿ ‘ಕ’ ಎಂದರೆ ಎಲ್ಲಿಯೂ ‘ಕ’ವೇ, ರೋಮನ್ ‘ಪಿ’ ಎಂದರೆ ಎಲ್ಲಿಯೂ ಅದೇ. ಎರಡೂ ಒಂದೇ ಸಾಲಿನಲ್ಲಿ ಕಲಹವಿಲ್ಲದೆ ಇರಬಲ್ಲವು. ನುಡಿಯ ಮುಂದಿನ ಆವೃತ್ತಿಗಳಲ್ಲಿಯೂ ಯೂನಿಕೋಡಿನಲ್ಲಿ ಬರೆಯುವ ಸೌಕರ್ಯವಿದೆ. ಹೀಗಿರುವಲ್ಲಿ ಹೊಸ ಬರೆಹವನ್ನು ಹಳೆಯ ಕ್ರಮದಲ್ಲಿ ಸಿದ್ಧಪಡಿಸಲು ಕಾರಣವೇ ಇಲ್ಲ.

5. ರಚನೆಯನ್ನು ಉಳಿಸುವ ಸಾಧನಗಳು

ಸೂತ್ರದ ರಚನೆಯನ್ನು ಉಳಿಸುವ ಪ್ರಯತ್ನಗಳಲ್ಲಿ ಮೊದಲು ಹೇಳಬೇಕಾದುದು ಟೆಕ್. ಅಮೆರಿಕದ ಡೊನಾಲ್ಡ್ ಕನೂತ್ ತಮ್ಮ ಗ್ರಂಥದ ಅಚ್ಚಿನ ಕರಡುಗಳ ಅಂದಗೇಡನ್ನು ಕಂಡು ಬೇಸತ್ತು 1977ರಲ್ಲಿ ಈ ಅಕ್ಷರಜೋಡಣೆಯ ವ್ಯವಸ್ಥೆಯನ್ನು ಕಟ್ಟಲು ತೊಡಗಿದರು. ಲೆಸ್ಲಿ ಲ್ಯಾಂಪೋರ್ಟ್ 1980ರ ದಶಕದಲ್ಲಿ ಅದರ ಮೇಲೆ ಲೇಟೆಕ್ ಎಂಬುದನ್ನು ರಚಿಸಿ ಬಳಕೆಯನ್ನು ಸುಲಭಗೊಳಿಸಿದರು. ಇದರಲ್ಲಿ ಲೇಖಕನು ಸೂತ್ರವನ್ನು ಬರೆಯುವುದು ಒಂದೇ ಸಾಲಿನಲ್ಲಿ. ಭಿನ್ನರಾಶಿಗೆ ‘ಫ್ರ್ಯಾಕ್’ ಎಂಬ ಆಜ್ಞೆ, ಅದರ ಮುಂದೆ ಎರಡು ಬಾಗು ಆವರಣಗಳಲ್ಲಿ ಕ್ರಮವಾಗಿ ಅಂಶ ಮತ್ತು ಛೇದ. ಘಾತಕ್ಕೆ ಮೇಲೆ ನಾವು ಬಳಸಿದ ಚಿಹ್ನೆಯೇ, ಅದರ ಮುಂದೆ ಬಾಗು ಆವರಣದಲ್ಲಿ ಘಾತಾಂಕ. ಗಣಕವು ಈ ಸಾಲನ್ನು ಓದಿ ಎರಡು ದಿಕ್ಕಿನ ಸುಂದರವಾದ ಸೂತ್ರವನ್ನು ಪುಟದ ಮೇಲೆ ಮೂಡಿಸುತ್ತದೆ. ನಕಲು ಮಾಡಬೇಕಾದುದು ಪುಟವನ್ನಲ್ಲ, ಆ ಸಾಲನ್ನು. ಹಳೆಯ ಪದ್ಯಸೂತ್ರದ ಒಂದೇ ಸಾಲಿನ ನಡಿಗೆಯೂ ಹೊಸ ಸಂಕೇತದ ಸ್ಪಷ್ಟತೆಯೂ ಇಲ್ಲಿ ಒಂದುಗೂಡಿವೆ. 1991ರಲ್ಲಿ ಆರಂಭವಾದ ಆರ್ಕೈವ್ ಎಂಬ ಪ್ರಬಂಧಭಂಡಾರವು ಟೆಕ್‌ನಲ್ಲಿ ಬರೆದ ಪ್ರಬಂಧಗಳ ಮೂಲಕಡತವನ್ನೇ ಲೇಖಕರಿಂದ ಪಡೆದು ಓದುಗರಿಗೂ ಒದಗಿಸುತ್ತದೆ. ಯಾರೇ ಆಗಲಿ ಅದರಿಂದ ಸೂತ್ರವನ್ನು ಅಕ್ಷರಲೋಪವಿಲ್ಲದೆ ಎತ್ತಿಕೊಳ್ಳಬಹುದು. ಕನ್ನಡದಲ್ಲಿ ಟೆಕ್ ಬಳಕೆಗೆ ದಾರಿ ತೆರೆದವರಲ್ಲಿ ಗಣಿತಜ್ಞ ಸಿ. ಎಸ್. ಯೋಗಾನಂದ ಅವರು ಗಣ್ಯರು. ಈಗ ಜೀಟೆಕ್, ಲುವಾಟೆಕ್ ಎಂಬ ರೂಪಗಳಲ್ಲಿ ಯೂನಿಕೋಡ್ ಕನ್ನಡವನ್ನು ನೇರವಾಗಿ ಬರೆಯಬಹುದು.

ಎರಡನೆಯ ಸಾಧನ ಮ್ಯಾಥ್‌ಎಂಎಲ್. ಜಾಲಪುಟಗಳಲ್ಲಿ ಗಣಿತವನ್ನು ಇರಿಸಲು ವರ್ಲ್ಡ್ ವೈಡ್ ವೆಬ್ ಒಕ್ಕೂಟವು 1998ರಲ್ಲಿ ಇದನ್ನು ಶಿಫಾರಸು ಮಾಡಿತು. ಇದರಲ್ಲಿ ಸೂತ್ರದ ಪ್ರತಿಯೊಂದು ಅಂಗಕ್ಕೂ ಹೆಸರಿನ ಪಟ್ಟಿಯನ್ನು ಕಟ್ಟಿರುತ್ತದೆ: ಇದು ಭಿನ್ನರಾಶಿ, ಇದು ವರ್ಗಮೂಲ, ಇದು ಸಂಖ್ಯೆ, ಇದು ಚರ. ಕೈಯಿಂದ ಬರೆಯಲು ಇದು ಉದ್ದವಾದರೂ ಯಂತ್ರಗಳು ಓದಲು ಅತ್ಯಂತ ಅನುಕೂಲ. ಹಲವು ವರ್ಷ ಎಲ್ಲ ವೀಕ್ಷಕ ತಂತ್ರಾಂಶಗಳೂ ಇದನ್ನು ತೋರಿಸುತ್ತಿರಲಿಲ್ಲ; 2023ರ ಜನವರಿಯಲ್ಲಿ ಕ್ರೋಮ್ ಸಹ ಅದನ್ನು ಒಳಗೊಂಡುದರಿಂದ ಆ ಕೊರತೆ ಬಹುಮಟ್ಟಿಗೆ ನೀಗಿತು. ಮ್ಯಾಥ್‌ಎಂಎಲ್‌ನಲ್ಲಿ ಒಂದು ವಿಶೇಷ ಸೌಕರ್ಯವಿದೆ. ಕಾಣುವ ಸೂತ್ರದ ಜೊತೆಗೆ, ಕಾಣದ ಒಂದು ಟಿಪ್ಪಣಿಯಾಗಿ ಅದರ ಟೆಕ್ ಸಾಲನ್ನೂ ಒಳಗಿರಿಸಬಹುದು. ಓದುಗನು ಸೂತ್ರವನ್ನು ಎತ್ತಿಕೊಂಡಾಗ ಈ ಸಾಲೂ ಅದರೊಡನೆ ಸಾಗುವಂತೆ ಏರ್ಪಡಿಸಲು ಸಾಧ್ಯ. ಮ್ಯಾಥ್‌ಜ್ಯಾಕ್ಸ್ ಎಂಬ ಉಚಿತ ಸಾಧನದಿಂದ ತೋರಿಸಿದ ಸೂತ್ರದ ಮೇಲೆ ಮೌಸಿನ ಬಲಗುಂಡಿಯನ್ನು ಒತ್ತಿದರೆ ಟೆಕ್ ಅಥವಾ ಮ್ಯಾಥ್‌ಎಂಎಲ್ ರೂಪವನ್ನು ಕೊಡುವ ಪಟ್ಟಿ ತೆರೆದುಕೊಳ್ಳುತ್ತದೆ. ಕನ್ನಡ ವಿಕಿಪೀಡಿಯದಲ್ಲಿಯೂ ಸೂತ್ರಗಳನ್ನು ಬರೆಯುವುದು ಟೆಕ್ ಸಾಲಿನಲ್ಲಿಯೇ.

ಕಾಲೇಜುಗಳಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಮೈಕ್ರೋಸಾಫ್ಟ್ ವರ್ಡ್. ಅದರ 2007ರ ಆವೃತ್ತಿಯಿಂದ ಈಚೆಗೆ ಸೂತ್ರಗಳನ್ನು ರಚನೆಯೊಡನೆ ಉಳಿಸುವ ಸಂಪಾದಕವು ಒಳಗೇ ಇದೆ. ಸೂತ್ರವನ್ನು ಒಂದೇ ಸಾಲಿನ ರೂಪಕ್ಕೂ ಅಲ್ಲಿಂದ ಎರಡು ದಿಕ್ಕಿನ ರೂಪಕ್ಕೂ ಬದಲಿಸಬಹುದು. ಅದಕ್ಕಿಂತ ಹಳೆಯದಾದ, ಈಕ್ವೇಶನ್ ಎಡಿಟರ್ 3.0 ಎಂಬ ಸಂಪಾದಕವನ್ನು ಭದ್ರತೆಯ ದೋಷಗಳ ಕಾರಣದಿಂದ 2018ರ ಜನವರಿಯಲ್ಲಿ ತೆಗೆದುಹಾಕಲಾಯಿತು. ಅದರಲ್ಲಿ ಬರೆದ ಸೂತ್ರಗಳು ಇಂದಿಗೂ ಕಾಣುತ್ತವೆ, ಆದರೆ ವರ್ಡ್‌ನ ಆ ಹಳೆಯ ಸಂಪಾದಕದಿಂದ ತಿದ್ದಲು ಬಾರವು. ಹಳೆಯ ಪ್ರಶ್ನಪತ್ರಿಕೆಗಳ ಎಷ್ಟೋ ಸೂತ್ರಗಳು ಹೀಗೆ ಗಾಜಿನ ಪೆಟ್ಟಿಗೆಯೊಳಗಿನ ವಸ್ತುಗಳಾಗಿವೆ. ಒಂದೇ ತಂತ್ರಾಂಶವನ್ನು ನಂಬಿ ಮೂಲಪಾಠವನ್ನು ಇಟ್ಟುಕೊಳ್ಳದಿದ್ದರೆ ಏನಾಗುತ್ತದೆ ಎಂಬುದಕ್ಕೆ ಇದು ನಿದರ್ಶನ.

6. ಕಿವಿಯಿಂದ ಓದುವವರು

ಈ ವಿಷಯದಲ್ಲಿ ಎಲ್ಲರಿಗಿಂತ ಹೆಚ್ಚು ನಷ್ಟ ಅನುಭವಿಸುವವರು ದೃಷ್ಟಿಹೀನ ವಿದ್ಯಾರ್ಥಿಗಳು. ಅವರು ಪರದೆಯ ಬರೆಹವನ್ನು ಗಟ್ಟಿಯಾಗಿ ಓದಿಹೇಳುವ ತಂತ್ರಾಂಶದ ನೆರವಿನಿಂದ ಅಥವಾ ಬ್ರೈಲ್ ಲಿಪಿಯಲ್ಲಿ ಓದುತ್ತಾರೆ. ಸ್ವತಃ ದೃಷ್ಟಿಹೀನರಾಗಿದ್ದ ಗಣಿತಜ್ಞ ಅಬ್ರಹಾಂ ನೆಮೆತ್ ರೂಪಿಸಿದ ಗಣಿತದ ಬ್ರೈಲ್ ಸಂಕೇತವು 1952ರಲ್ಲಿಯೇ ಪ್ರಕಟವಾಗಿದ್ದರೂ, ಸೂತ್ರವು ಚಿತ್ರವಾಗಿದ್ದರೆ ಗಣಕವು ಅದನ್ನು ಬ್ರೈಲಿಗೆ ತರುವುದು ಹೇಗೆ? ಓದುವ ತಂತ್ರಾಂಶವು ಚಿತ್ರದ ಬಳಿಗೆ ಬಂದಾಗ ‘ಚಿತ್ರ’ ಎಂದಷ್ಟೇ ಹೇಳಿ ಮುಂದೆ ಹೋಗುತ್ತದೆ. ಅದೇ ಸೂತ್ರವು ಮ್ಯಾಥ್‌ಎಂಎಲ್‌ನಲ್ಲಿದ್ದರೆ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶವು ಮ್ಯಾಥ್‌ಕ್ಯಾಟ್ ಎಂಬ ಸಾಧನದ ನೆರವಿನಿಂದ ಅದನ್ನು ಅಂಗ ಅಂಗವಾಗಿ ಓದಿ ಹೇಳಬಲ್ಲದು, ಬ್ರೈಲ್ ಫಲಕಕ್ಕೂ ಕಳುಹಿಸಬಲ್ಲದು. ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು 2017ರಲ್ಲಿ ಜಾರಿಗೆ ಬಂದ ಬಳಿಕ ಇದು ಕರುಣೆಯ ಮಾತಾಗಿ ಉಳಿದಿಲ್ಲ, ಹಕ್ಕಿನ ಮಾತಾಗಿದೆ. ನಕಲಿಗೆ ಯೋಗ್ಯವಾದ ಸೂತ್ರವೇ ಕಿವಿಗೂ ಯೋಗ್ಯವಾದ ಸೂತ್ರ. ಎರಡಕ್ಕೂ ಬೇಕಾದುದು ರಚನೆಯೊಂದೇ.

7. ಅನುಸರಿಸತಕ್ಕ ಕ್ರಮ

ಮೇಲಿನ ವಿವೇಚನೆಯಿಂದ ನಮ್ಮ ಕಾಲೇಜುಗಳಲ್ಲಿ ಹೆಚ್ಚಿನ ವೆಚ್ಚವಿಲ್ಲದೆ ಆಚರಣೆಗೆ ತರಬಹುದಾದ ಐದು ನಿಯಮಗಳು ಫಲಿಸುತ್ತವೆ.

ಒಂದು: ಕನ್ನಡ ಗದ್ಯವನ್ನು ಯೂನಿಕೋಡಿನಲ್ಲಿಯೇ ಬರೆಯಬೇಕು.

ಎರಡು: ಸೂತ್ರವನ್ನು ಚಿತ್ರವಾಗಿ ಸೇರಿಸದೆ, ಸೂತ್ರಸಂಪಾದಕದಲ್ಲಿ ಅಥವಾ ಟೆಕ್‌ನಲ್ಲಿ ಬರೆಯಬೇಕು. ಚಿತ್ರ ಅನಿವಾರ್ಯವಾದಲ್ಲಿ ಅದರ ಕೆಳಗೆ ಸೂತ್ರವನ್ನು ಮಾತುಗಳಲ್ಲಿ ವಿವರಿಸಬೇಕು.

ಮೂರು: ಮುಖ್ಯವಾದ ಪ್ರತಿ ಸೂತ್ರದ ಕೆಳಗೆ, ಎಲ್ಲ ಆವರಣಗಳನ್ನೂ ಹಾಕಿದ ಒಂದೇ ಸಾಲಿನ ರೂಪವನ್ನೂ, ಸಂಕೇತಗಳ ಅರ್ಥವನ್ನೂ, ಅಳತೆಯ ಮಾನಗಳನ್ನೂ ಕೊಡಬೇಕು. ಮೊಬೈಲಿನ ಸಂದೇಶದಲ್ಲಿ ಕೂಡ ಈ ಸಾಲು ಕೆಡದೆ ಹೋಗುತ್ತದೆ.

ನಾಲ್ಕು: ಪಿಡಿಎಫ್‌ನ ಜೊತೆಗೆ ಮೂಲಕಡತವನ್ನೂ ಹಂಚಬೇಕು. ಪ್ರಶ್ನಪತ್ರಿಕೆಗಳಿಗೆ ಸಂಬಂಧಿಸಿದಂತೆ ಪರೀಕ್ಷೆ ಮುಗಿದ ಮೇಲೆ ಹಾಗೆ ಮಾಡಬಹುದು.

ಐದು: ಪ್ರತಿ ಸೂತ್ರಕ್ಕೂ ಒಂದು ತಾಳೆಬೆಲೆಯನ್ನು ಕೊಡಬೇಕು. ಹಳೆಯ ಪದ್ಯದಲ್ಲಿ ಛಂದಸ್ಸು ಮಾಡುತ್ತಿದ್ದ ಕಾವಲಿನ ಕೆಲಸವನ್ನು ಇಂದು ಇದು ಮಾಡಬಲ್ಲದು. ಮ್ಯಾನಿಂಗನ ಸೂತ್ರಕ್ಕೆ ‘ಘ = 0.02, ಜ = 8, ಇ = 0.0001 ಆದರೆ ವ = 2’ ಎಂದು ಬರೆದರೆ ಸಾಕು. ಸೂತ್ರವನ್ನು ಎತ್ತಿಕೊಂಡವನು ಈ ಬೆಲೆಗಳನ್ನು ತುಂಬಿ 2 ಬಂದಿತೇ ಎಂದು ನೋಡುತ್ತಾನೆ. ಜಲತ್ರಿಜ್ಯದ ಘಾತಕ್ಕೆ ಆವರಣ ತಪ್ಪಿದ್ದರೆ 10.67 ಬಂದು ದೋಷವು ಬಯಲಾಗುತ್ತದೆ. ತಾಳೆಗಾಗಿ 0 ಅಥವಾ 1ನ್ನು ಆರಿಸಕೂಡದು; 1ರ ಯಾವ ಘಾತವೂ 1 ಆದುದರಿಂದ ಘಾತಾಂಕವು ತಲೆಕೆಳಗಾಗಿದ್ದರೂ ತಿಳಿಯದು. ಉತ್ತರವು ಪೂರ್ಣಾಂಕವಾಗುವಂತೆ ಬೆಲೆಗಳನ್ನು ಆರಿಸುವುದು ವಿದ್ಯಾರ್ಥಿಗಳಿಗೂ ಒಳ್ಳೆಯ ಅಭ್ಯಾಸ.

8. ಒಂದು ಆಕ್ಷೇಪ

ಸೂತ್ರವನ್ನು ಕೈಯಿಂದ ಬರೆದರೆ ತಾನೆ ಅದು ಮನಸ್ಸಿನಲ್ಲಿ ನಿಲ್ಲುವುದು, ನಕಲು ಸುಲಭವಾದರೆ ವಿದ್ಯಾರ್ಥಿಯು ಸೋಮಾರಿಯಾಗನೇ ಎಂದು ಕೆಲವರು ಕೇಳಬಹುದು. ಕಲಿಯುವ ಹೊತ್ತಿನಲ್ಲಿ ಕೈಯಿಂದ ಬರೆಯಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಕಲಿಯುವುದು ಬೇರೆ, ಕಲಿತುದನ್ನು ಬಳಸುವುದು ಬೇರೆ. ನೂರು ಅಡ್ಡಕೊಯ್ತಗಳ ಹರಿವನ್ನು ಲೆಕ್ಕ ಹಾಕುವವನಿಗೆ ಸೂತ್ರವನ್ನು ಮತ್ತೆ ಮತ್ತೆ ಬೆರಳಚ್ಚಿಸುವುದರಿಂದ ಜ್ಞಾನವು ಹೆಚ್ಚುವುದಿಲ್ಲ, ತಪ್ಪಿಗೆ ಅವಕಾಶ ಹೆಚ್ಚುತ್ತದೆ. ಅಲ್ಲದೆ ಶ್ರಮದ ಹಂಚಿಕೆಯನ್ನೂ ಗಮನಿಸಬೇಕು. ಅಧ್ಯಾಪಕರು ಒಂದು ಸೂತ್ರಕ್ಕೆ ಐದು ನಿಮಿಷವನ್ನು ಹೆಚ್ಚಾಗಿ ವ್ಯಯಿಸಿದರೆ, ಅರವತ್ತು ವಿದ್ಯಾರ್ಥಿಗಳಿರುವ ತರಗತಿಯಲ್ಲಿ ಪ್ರತಿಯೊಬ್ಬನ ಐದು ನಿಮಿಷ, ಎಂದರೆ ಒಟ್ಟು ಐದು ಗಂಟೆ ಉಳಿಯುತ್ತದೆ. ಅಧ್ಯಾಪಕರು ಬಿಟ್ಟ ಶ್ರಮವು ಇಲ್ಲವಾಗುವುದಿಲ್ಲ. ಅರವತ್ತು ಪಾಲಾಗಿ ವಿದ್ಯಾರ್ಥಿಗಳ ಮೇಲೆ ಬೀಳುತ್ತದೆ, ಅರವತ್ತು ಬಗೆಯ ತಪ್ಪುಗಳೊಡನೆ.

ಗಣಿತದ ಬರೆಹವು ಇನ್ನೊಬ್ಬರ ಬಳಕೆಗಾಗಿ ಇರುವ ಬರೆಹ. ಅದು ಪುಟದ ಮೇಲೆ ಎಷ್ಟು ಅಂದವಾಗಿದೆ ಎಂಬುದರ ಜೊತೆಗೆ, ಆ ಪುಟವನ್ನು ಬಿಟ್ಟು ಹೊರಟಾಗ ಎಷ್ಟು ಅಖಂಡವಾಗಿ ಉಳಿಯುತ್ತದೆ ಎಂಬುದೂ ಅದರ ಗುಣಕ್ಕೆ ಅಳತೆಗೋಲಾಗಬೇಕು. ನಮ್ಮ ವಿಭಾಗಗಳಲ್ಲಿ ಮುಂದಿನ ವರ್ಷಕ್ಕೆ ಟಿಪ್ಪಣಿಗಳನ್ನು ಸಿದ್ಧಪಡಿಸುವವರು ಒಂದೇ ಒಂದು ಪಾಠವನ್ನು ತೆಗೆದುಕೊಂಡು, ಅದರ ಸೂತ್ರಗಳನ್ನು ಸಾದಾ ಬರೆಹದ ಕಡತಕ್ಕೆ ನಕಲು ಮಾಡಿ, ತಾಳೆಬೆಲೆಯನ್ನು ಹಚ್ಚಿ ನೋಡಲಿ. ಯಾವ ಸೂತ್ರ ನಿಂತಿತು, ಯಾವುದು ಮುರಿಯಿತು ಎಂಬುದು ಅರ್ಧ ಗಂಟೆಯಲ್ಲಿ ತಿಳಿಯುತ್ತದೆ. ಎಲ್ಲಿಂದ ತಿದ್ದಲು ತೊಡಗಬೇಕೆಂಬುದೂ ಅದರಿಂದಲೇ ನಿರ್ಣಯವಾಗುತ್ತದೆ.